ಒಗ್ಗುವಿಕೆಯ ಬೆಲೆ

ನಮ್ಮ ಸಂಸಾರಗಳಲ್ಲಿ ಹಿರಿಯರು ಮಾತುಮಾತಿಗೆ ಆಡುವ ಸಮಾಧಾನದ ನುಡಿಯೊಂದುಂಟು: “ಇರಲಿ, ಬರಬರುತ್ತ ಒಗ್ಗಿಹೋಗುತ್ತದೆ.” ಹೊಸದಾಗಿ ಬಂದ ಸೊಸೆಗೆ ಊರಿನ ನೀರು ಹಿಡಿಯದಿದ್ದರೆ ಈ ಮಾತು, ಮಲೆನಾಡಿಗೆ ವರ್ಗವಾದ ಮಗನು ಅಲ್ಲಿಯ ಮಳೆ ಚಳಿಗಳನ್ನು ದೂರಿಕೊಂಡರೆ ಈ ಮಾತು, ಮನೆಯ ಖರ್ಚನ್ನು ಬಿಗಿಹಿಡಿಯಬೇಕಾಗಿ ಬಂದರೂ ಈ ಮಾತೇ. ಇದರಲ್ಲಿ ಕರುಣೆಯೂ ಉಂಟು, ಅನುಭವವೂ ಉಂಟು. ಮನುಷ್ಯನ ದೇಹವೂ ಮನಸ್ಸೂ ಬಾಗಬಲ್ಲುವು ಎಂಬುದು ಸುಳ್ಳಲ್ಲ. ಆದರೆ ಈ ಚಿಕ್ಕ ಮಾತು ಎರಡು ಬೇರೆಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಡುತ್ತದೆ. ಒಂದು ಜೀವವು ತಾನೇ ಅಭ್ಯಾಸದಿಂದ ಗಟ್ಟಿಯಾಗುವುದು ಒಂದು ಬಗೆ. ತಾಳಲಾರದ ಜೀವಗಳು ಹೋಗಿ, ತಾಳಬಲ್ಲವು ಉಳಿದು, ಉಳಿದವನ್ನು ಕಂಡವರು “ಒಗ್ಗಿತು” ಎಂದು ಹೇಳುವುದು ಇನ್ನೊಂದು ಬಗೆ. ಈ ಎರಡರ ಭೇದವನ್ನು ನನಗೆ ಮನಗಾಣಿಸಿದುದು ಯುಕ್ರೇನ್ ದೇಶದ ಒಂದು ಕಾಡು. ನಾನು ಅದನ್ನು ಕಣ್ಣಾರೆ ಕಂಡವನಲ್ಲ. ಕಂಡು ಪರೀಕ್ಷಿಸಿದವರು ಬರೆದುದನ್ನು ಓದಿ ಬಲ್ಲೆನು.

೧೯೮೬ನೆಯ ಇಸವಿ ಏಪ್ರಿಲ್ ೨೬ನೆಯ ತಾರೀಖು, ನಡುರಾತ್ರಿ ಕಳೆದು ಒಂದು ಗಂಟೆ ಇಪ್ಪತ್ತಮೂರು ನಿಮಿಷಕ್ಕೆ, ಆಗ ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಯುಕ್ರೇನಿನಲ್ಲಿ ಚೆರ್ನೋಬಿಲ್ ಪರಮಾಣು ವಿದ್ಯುದಾಗಾರದ ನಾಲ್ಕನೆಯ ರಿಯಾಕ್ಟರು ಸಿಡಿಯಿತು. ಸುಮಾರು ಹತ್ತು ದಿನಗಳವರೆಗೆ ಅದರ ಒಡಲಿನಿಂದ ವಿಕಿರಣವನ್ನು ಸೂಸುವ ಧೂಳೂ ಹೊಗೆಯೂ ಹೊರಬಿದ್ದು ಗಾಳಿ ಬೀಸಿದ ಕಡೆಗೆಲ್ಲ ಹರಡಿದುವು. ಸಮೀಪದ ಪ್ರಿಪ್ಯಾತ್ ಪಟ್ಟಣದಲ್ಲಿ ಸುಮಾರು ೪೯,೦೦೦ ಜನರಿದ್ದರು. ಮೂರು ದಿನಕ್ಕೆ ಬೇಕಾದಷ್ಟು ಮಾತ್ರ ಕಟ್ಟಿಕೊಳ್ಳಿರೆಂದು ಹೇಳಿ, ಮರುದಿನ ಮಧ್ಯಾಹ್ನ ಅವರನ್ನೆಲ್ಲ ಬಸ್ಸುಗಳಲ್ಲಿ ಸಾಗಿಸಿದರು. ಆ ಮೂರು ದಿನ ಇನ್ನೂ ಮುಗಿದಿಲ್ಲ. ವರ್ಷ ಕಳೆಯುವುದರೊಳಗೆ ಮನೆಮಠ ಬಿಟ್ಟವರ ಸಂಖ್ಯೆ ಸುಮಾರು ೧,೧೬,೦೦೦ಕ್ಕೆ ಏರಿತು. ರಿಯಾಕ್ಟರಿನ ಸುತ್ತ ಮೂವತ್ತು ಕಿಲೋಮೀಟರು ದೂರದವರೆಗೆ ನಿಷಿದ್ಧಪ್ರದೇಶವೆಂದು ಬೇಲಿ ಬಿದ್ದಿತು. ೧೯೮೮ರಲ್ಲಿ ಗಡಿಯಾಚೆಯ ಬೆಲಾರೂಸಿನವರು ತಮ್ಮ ಪಾಲಿಗೆ ಬಂದ ಕೆಟ್ಟ ನೆಲವನ್ನು ರಕ್ಷಿತಾರಣ್ಯವೆಂದು ಸಾರಿದರು. ಈಗ ಎರಡೂ ಕಡೆ ಸೇರಿ ನಾಲ್ಕು ಸಾವಿರ ಚದರ ಕಿಲೋಮೀಟರಿಗೆ ಮೀರಿದ ಈ ಭೂಮಿಯಲ್ಲಿ ಉಳುವವರಿಲ್ಲ, ಬೇಟೆಯಾಡುವವರಿಲ್ಲ.

ಅಲ್ಲಿ ಬಿದ್ದ ವಿಷವು ಒಂದೇ ಬಗೆಯದಲ್ಲ. ಅಯೋಡೀನಿನ ಒಂದು ರೂಪವು ಎಂಟು ದಿನಕ್ಕೆ ಅರ್ಧವಾಗಿ, ಇನ್ನೆಂಟು ದಿನಕ್ಕೆ ಅದರ ಅರ್ಧವಾಗಿ, ಕೆಲವು ತಿಂಗಳಲ್ಲಿ ಇಲ್ಲವಾಗಿಹೋಯಿತು. ಸೀಸಿಯಂ ಎಂಬುದು ಅರ್ಧವಾಗುವುದಕ್ಕೆ ಮೂವತ್ತು ವರ್ಷ ಬೇಕು. ಸ್ಟ್ರಾನ್ಷಿಯಮ್ಮಿಗೂ ಹೆಚ್ಚುಕಡಮೆ ಅಷ್ಟೇ. ಜೀವಗಳನ್ನು ಇವು ವಂಚಿಸುವ ರೀತಿ ವಿಚಿತ್ರವಾದುದು. ಸೀಸಿಯಂ ರಸಾಯನಗುಣದಲ್ಲಿ ಪೊಟಾಸಿಯಮ್ಮನ್ನು ಹೋಲುವುದು. ಸ್ಟ್ರಾನ್ಷಿಯಂ ಸುಣ್ಣದಲ್ಲಿರುವ ಕ್ಯಾಲ್ಸಿಯಮ್ಮನ್ನು ಹೋಲುವುದು. ಆದ್ದರಿಂದ ಗಿಡದ ಬೇರು ಸೀಸಿಯಮ್ಮನ್ನು ಗೊಬ್ಬರದ ಸಾರವೆಂದು ಹೀರುವುದು; ಅದನ್ನು ತಿಂದ ಪ್ರಾಣಿಯ ಮಾಂಸಖಂಡದಲ್ಲಿ ಅದು ಮನೆಮಾಡುವುದು. ಸ್ಟ್ರಾನ್ಷಿಯಮ್ಮನ್ನು ಎಲುಬು ತನ್ನದೆಂದು ಒಳಗೆ ಕರೆದುಕೊಳ್ಳುವುದು. ಅಣಬೆಯು ಸೀಸಿಯಮ್ಮನ್ನು ಧಾರಾಳವಾಗಿ ಸೇರಿಸಿಕೊಳ್ಳುವುದರಿಂದ, ನೆಲ ಕೆದಕಿ ತಿನ್ನುವ ಕಾಡುಹಂದಿಗೆ ಅದರ ಪಾಲು ಹೆಚ್ಚಾಗಿ ದೊರೆಯುವುದು. ಅತಿಥಿಯ ವೇಷದಲ್ಲಿ ಬಂದ ಕಳ್ಳನಿಗೆ ಮನೆಯವರೇ ಮಣೆ ಹಾಕಿದಂತಾಯಿತು.

ಮೊದಲು ಬಲಿಯಾದುದು ಕಾಡು. ವಿದ್ಯುದಾಗಾರದ ಮಗ್ಗುಲಲ್ಲಿದ್ದ ಪೈನ್ ಮರಗಳು ನಾಲ್ಕರಿಂದ ಆರು ಚದರ ಕಿಲೋಮೀಟರಿನಷ್ಟು ಜಾಗದಲ್ಲಿ ನಿಂತಲ್ಲೇ ಸತ್ತುವು. ಅವುಗಳ ಸೂಜಿಯಂತಹ ಎಲೆಗಳು ತುಕ್ಕಿನ ಬಣ್ಣಕ್ಕೆ ತಿರುಗಿದುದರಿಂದ ಆ ಸ್ಥಳಕ್ಕೆ ‘ಕೆಂಪು ಕಾಡು’ ಎಂದೇ ಹೆಸರಾಯಿತು. ಸತ್ತ ಮರಗಳನ್ನು ಯಂತ್ರಗಳಿಂದ ಕೆಡವಿ ಕಂದಕಗಳಲ್ಲಿ ಹೂಳಿದರು. ಆದರೆ ಅದೇ ಕಾಡಿನಲ್ಲಿ, ಅದೇ ಧೂಳಿನ ಅಡಿಯಲ್ಲಿ, ಬರ್ಚ್ ಎಂಬ ಬಿಳಿತೊಗಟೆಯ ಮರಗಳು ಬಹುಮಟ್ಟಿಗೆ ಬದುಕಿಕೊಂಡುವು. ಇದರಲ್ಲಿ ಬರ್ಚಿನ ಸಾಹಸವೇನೂ ಇಲ್ಲ. ಪೈನ್ ಮರದ ಜೀವಕೋಶದೊಳಗೆ ವಂಶಗುಣಗಳನ್ನು ಹೊತ್ತಿರುವ ವರ್ಣತಂತುಗಳು ಬಹಳ ದೊಡ್ಡವು. ದೊಡ್ಡ ಗುರಿಗೆ ಏಟು ತಗಲುವುದು ಸುಲಭ. ಬರ್ಚಿನವು ಚಿಕ್ಕವು. ಅದಲ್ಲದೆ ಪೈನ್ ವರ್ಷವಿಡೀ ಎಲೆ ಹೊತ್ತಿರುವ ಮರವಾದುದರಿಂದ ಬಿದ್ದ ಧೂಳನ್ನೆಲ್ಲ ತನ್ನ ಮೈಮೇಲೆ ಹಿಡಿದಿಟ್ಟುಕೊಂಡಿತು. ಸತ್ತ ಪೈನಿನ ಜಾಗದಲ್ಲಿ ಬರ್ಚ್ ಹಬ್ಬಿತು. ಇಂದು ಹೋಗಿ ನೋಡುವವನು ಹಸುರನ್ನು ಕಂಡು “ಕಾಡು ಚೇತರಿಸಿಕೊಂಡಿತು” ಎಂದಾನು. ಆದರೆ ಅದು ಹಳೆಯ ಕಾಡಲ್ಲ.

ಇನ್ನು ಪ್ರಾಣಿಗಳ ಸಂಗತಿ. ಜನರು ಹೋದ ಮೇಲೆ ಅವರ ಹೊಲಗಳಲ್ಲಿ ಹುಲ್ಲು, ಹುಲ್ಲಿನ ಹಿಂದೆ ಜಿಂಕೆ, ಜಿಂಕೆಯ ಹಿಂದೆ ತೋಳ ಬಂದುವು. ೨೦೧೫ರಲ್ಲಿ ಪ್ರಕಟವಾದ ಒಂದು ವರದಿಯಲ್ಲಿ, ಬೆಲಾರೂಸಿನ ಪಾಲಿನ ರಕ್ಷಿತಾರಣ್ಯದಲ್ಲಿ ಮೂಸ್ ಎಂಬ ಬೃಹತ್ಕಾಯದ ಜಿಂಕೆ, ಕೆಂಜಿಂಕೆ, ಕಾಡುಹಂದಿ ಮೊದಲಾದುವುಗಳ ಸಂಖ್ಯೆ ವಿಕಿರಣವಿಲ್ಲದ ಇತರ ನಾಲ್ಕು ಅರಣ್ಯಗಳಲ್ಲಿರುವಷ್ಟೇ ಇದೆಯೆಂದೂ, ತೋಳಗಳಂತೂ ಏಳು ಪಟ್ಟು ಹೆಚ್ಚಾಗಿವೆಯೆಂದೂ ಲೆಕ್ಕ ಕೊಟ್ಟಿದ್ದಾರೆ. ಮಂಗೋಲಿಯದ ಬಯಲಿನಲ್ಲಿ ೧೯೬೯ರ ಹೊತ್ತಿಗೆ ಕಾಣದಾಗಿಹೋಗಿದ್ದ ಪ್ರ್ಶೆವಾಲ್‌ಸ್ಕಿ ಎಂಬ ಕಾಡುಕುದುರೆಯ ವಂಶವು ಮನುಷ್ಯರ ಆರೈಕೆಯಲ್ಲಿ ಮಾತ್ರ ಉಳಿದಿತ್ತು. ೧೯೯೮ ಮತ್ತು ೧೯೯೯ರಲ್ಲಿ ಅಂತಹ ಸುಮಾರು ಮೂವತ್ತು ಕುದುರೆಗಳನ್ನು ಯುಕ್ರೇನಿನ ನಿಷಿದ್ಧಪ್ರದೇಶಕ್ಕೆ ತಂದುಬಿಟ್ಟರು. ಅವುಗಳ ಸಂತಾನ ನೂರನ್ನು ದಾಟಿತು. ಮಳೆ ಬಂದರೆ ಅವು ಪಾಳುಬಿದ್ದ ಕೊಟ್ಟಿಗೆಗಳಲ್ಲಿ ಆಸರೆ ಪಡೆಯುವುವಂತೆ.

ಇದನ್ನೆಲ್ಲ ಒಂದು ಭಾನುವಾರ ಮನೆಯಲ್ಲಿ ಹೇಳುತ್ತಿದ್ದಾಗ, ಇಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗನು ಉತ್ಸಾಹಗೊಂಡನು. “ನೋಡಿದಿರಾ ಚಿಕ್ಕಪ್ಪ! ಪ್ರಾಣಿಗಳೆಲ್ಲ ಒಗ್ಗಿಕೊಂಡುಬಿಟ್ಟಿವೆ. ವಿಕಿರಣಕ್ಕೆ ನಾವು ಇಷ್ಟೊಂದು ಹೆದರುವುದೇಕೆ?” ಎಂದನು. ಹುಡುಗನ ಪ್ರಶ್ನೆ ಸಹಜವಾದುದೇ. ಪತ್ರಿಕೆಗಳಲ್ಲಿ ಇದನ್ನು ಓದಿದ ಅನೇಕರು ಹೀಗೆಯೇ ಕೇಳುವರು. ಆದರೆ ಆ ವರದಿಯನ್ನು ಬರೆದವರೇ ಹೀಗೆ ತೀರ್ಮಾನಿಸಿಲ್ಲ. ವಿಕಿರಣ ಪ್ರಾಣಿಗಳಿಗೆ ಹಿತವೆಂದು ಇದರ ಅರ್ಥವಲ್ಲ. ನೇಗಿಲು, ಕೊಡಲಿ, ಕೋವಿಗಳನ್ನು ಹಿಡಿದ ಮನುಷ್ಯನ ನಿತ್ಯದ ಸಹವಾಸವು ಅವಕ್ಕೆ ಇನ್ನೂ ಅಹಿತವೆಂದೇ ಅರ್ಥ. ಇದು ನಮಗೆ ಹೆಮ್ಮೆ ತರುವ ಮಾತೇನೂ ಅಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ತಲೆಯೆಣಿಕೆಯು ಎಷ್ಟು ಜೀವಗಳಿವೆಯೆಂದು ಹೇಳುವುದೇ ಹೊರತು ಒಂದೊಂದು ಜೀವವೂ ಹೇಗಿದೆಯೆಂದು ಹೇಳದು. ಒಂದು ಊರಿನ ಜನಸಂಖ್ಯೆ ಹೆಚ್ಚಿತೆಂದರೆ ಆ ಊರಿನ ಪ್ರತಿಮನೆಯಲ್ಲಿಯೂ ಆರೋಗ್ಯವಿದೆಯೆಂದು ಯಾರೂ ಹೇಳಲಾರರಷ್ಟೆ. ತೋಳಗಳು ಹೆಚ್ಚಿದುದು ಒಗ್ಗಿದುದರಿಂದಲ್ಲ, ಜಾಗ ತೆರವಾದುದರಿಂದ.

ನಿಜವಾಗಿ ಒಗ್ಗಿದುದೆಂದು ಹೇಳಬಹುದಾದ ಪ್ರಾಣಿ ಅಲ್ಲಿ ಯಾವುದಾದರೂ ಇದ್ದರೆ ಅದು ಒಂದು ಪುಟ್ಟ ಮರಗಪ್ಪೆ. ಬೆರಳಿನಷ್ಟು ಉದ್ದದ ಈ ಕಪ್ಪೆಯ ಬೆನ್ನು ಸಾಮಾನ್ಯವಾಗಿ ಎಳೆಯ ಎಲೆಯಂತೆ ಹಸುರು. ೨೦೧೬ರಲ್ಲಿ ಸ್ಪೇನ್ ದೇಶದ ಜೀವವಿಜ್ಞಾನಿ ಹೆರ್ಮಾನ್ ಒರಿಸಾವೊಲಾ ಅವರು ರಿಯಾಕ್ಟರಿನ ಸಮೀಪದಲ್ಲಿ ಇದೇ ಜಾತಿಯ ಕಪ್ಪನೆಯ ಕಪ್ಪೆಗಳನ್ನು ಕಂಡರು. ಅವರೂ ಪಾಬ್ಲೊ ಬುರ್ರಾಕೊ ಅವರೂ ಕೂಡಿ ಮುಂದಿನ ಮೂರು ವರ್ಷ ಹನ್ನೆರಡು ಕೊಳಗಳಿಂದ ಇನ್ನೂರಕ್ಕೂ ಹೆಚ್ಚು ಗಂಡುಕಪ್ಪೆಗಳನ್ನು ಹಿಡಿದು ಬಣ್ಣವನ್ನು ಅಳೆದರು. ೨೦೨೨ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ, ನಿಷಿದ್ಧಪ್ರದೇಶದ ಒಳಗಿನ ಕಪ್ಪೆಗಳು ಹೊರಗಿನವಕ್ಕಿಂತ ಸ್ಪಷ್ಟವಾಗಿ ಕಪ್ಪು. ಇದಕ್ಕೆ ಕಾರಣ ಮೆಲನಿನ್ ಎಂಬ ವರ್ಣದ್ರವ್ಯ. ನಮ್ಮ ಕೂದಲಿಗೂ ಚರ್ಮಕ್ಕೂ ಬಣ್ಣ ಕೊಡುವುದು ಇದೇ. ಇದು ವಿಕಿರಣದ ಶಕ್ತಿಯನ್ನು ಹೀರಿ ಚದರಿಸುವುದು. ಜೀವಕೋಶದೊಳಗೆ ಆ ಶಕ್ತಿಯಿಂದ ಹುಟ್ಟುವ ಕ್ಷೋಭೆಯ ಅಣುಗಳನ್ನೂ ಶಮನಗೊಳಿಸುವುದು.

ಬಿಸಿಲಲ್ಲಿ ದುಡಿದವನ ಮೈ ಕಪ್ಪಾಗುವಂತೆ ಈ ಕಪ್ಪೆಗಳೂ ಕಪ್ಪಾದುವೆಂದು ಭಾವಿಸಬಾರದು. ಹಾಗೆ ಆಗಿದ್ದರೆ ಇಂದು ವಿಕಿರಣ ಹೆಚ್ಚಾಗಿರುವ ಕೊಳದಲ್ಲಿ ಇಂದಿನ ಕಪ್ಪೆಗಳು ಹೆಚ್ಚು ಕಪ್ಪಾಗಿರಬೇಕಾಗಿತ್ತು. ಆದರೆ ಅವುಗಳ ಬಣ್ಣಕ್ಕೂ ಇಂದಿನ ವಿಕಿರಣಕ್ಕೂ ಸಂಬಂಧವಿಲ್ಲ. ೧೯೮೬ರಲ್ಲಿ ಎಲ್ಲಿ ವಿಷ ಹೆಚ್ಚಾಗಿ ಬಿದ್ದಿತೋ ಅದಕ್ಕೆ ಸಮೀಪದ ಕೊಳಗಳಲ್ಲಿ ಕಪ್ಪು ಹೆಚ್ಚು. ಆದ್ದರಿಂದ ಆ ವಿಜ್ಞಾನಿಗಳು ಹೀಗೆ ಊಹಿಸುವರು. ಹಿಂದೆಯೂ ನೂರಾರು ಹಸುರು ಕಪ್ಪೆಗಳ ನಡುವೆ ಕೆಲವು ಕಪ್ಪು ಕಪ್ಪೆಗಳು ಹುಟ್ಟುತ್ತಿದ್ದುವು. ಅನರ್ಥವಾದ ಆ ಮೊದಲ ಕಾಲದಲ್ಲಿ ಆ ಕೆಲವೇ ಹೆಚ್ಚಾಗಿ ಬದುಕಿ ಹೆಚ್ಚಾಗಿ ಮರಿಮಾಡಿದುವು. ಹತ್ತು ಹದಿನೈದು ತಲೆಮಾರು ಕಳೆಯುವಷ್ಟರಲ್ಲಿ ಅಲ್ಪಸಂಖ್ಯೆಯದು ಬಹುಸಂಖ್ಯೆಯದಾಯಿತು.

ಅತ್ತಿಗೆಯವರು ಆ ವೇಳೆಗೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. ಮಗನ ಉತ್ಸಾಹಕ್ಕೂ ನನ್ನ ವಿವರಣೆಗೂ ಅವರು ತಲೆಯೆತ್ತಿರಲಿಲ್ಲ. ಕಪ್ಪೆಯ ಕಥೆ ಮುಗಿದ ಮೇಲೆ ಕೈ ನಿಲ್ಲಿಸಿ, “ಹಾಗಾದರೆ ಆ ಹಸುರು ಕಪ್ಪೆಗಳೆಲ್ಲ ಏನಾದುವು?” ಎಂದು ಕೇಳಿದರು.

ಇಬ್ಬರೂ ಸುಮ್ಮನಾದೆವು. ಇಡೀ ವಿಷಯದ ತಿರುಳು ಆ ಒಂದು ಪ್ರಶ್ನೆಯಲ್ಲಿದೆ. ಕಪ್ಪು ಕಪ್ಪೆಗಳನ್ನು ಹಿಡಿದು ಅಳೆಯಬಹುದು, ಚಿತ್ರ ತೆಗೆಯಬಹುದು. ಇಲ್ಲವಾದ ಹಸುರು ಕಪ್ಪೆಗಳನ್ನು, ಒಡೆಯದೆ ಹೋದ ಮೊಟ್ಟೆಗಳನ್ನು, ಕಪ್ಪೆಯಾಗದ ಗೊದಮೊಟ್ಟೆಗಳನ್ನು ಯಾರು ಅಳೆಯುವರು? ಯಾವ ಕಪ್ಪೆಯೂ ಒಗ್ಗಲಿಲ್ಲ. ಕಪ್ಪಾಗಿದ್ದುದು ಉಳಿಯಿತು, ಹಸುರಾಗಿದ್ದುದು ಹೋಯಿತು. ಕಪ್ಪೆಯ ಕುಲ ಒಗ್ಗಿತು.

ಹಕ್ಕಿಗಳಲ್ಲಿ ಈ ಪಕ್ಷಪಾತ ಇನ್ನೂ ಚೆನ್ನಾಗಿ ಕಾಣುವುದು. ೨೦೧೪ರಲ್ಲಿ ಇಸ್ಮಾಯೆಲ್ ಗಾಲ್ವಾನ್ ಮತ್ತು ಅವರ ಸಂಗಡಿಗರು ಆ ಪ್ರದೇಶದ ಹದಿನಾರು ಜಾತಿಯ ೧೫೨ ಹಕ್ಕಿಗಳ ರಕ್ತವನ್ನೂ ಗರಿಯನ್ನೂ ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. ದೇಹದ ಕೆಡಕನ್ನು ತಡೆಯುವ ಗ್ಲುಟಾಥಯೋನ್ ಎಂಬ ದ್ರವ್ಯವು ವಿಕಿರಣ ಹೆಚ್ಚಿದ ಕಡೆ ಹೆಚ್ಚಾಗಿತ್ತು. ಹಲವು ಜಾತಿಗಳು ಅದರ ಬಲದಿಂದ ನಿಭಾಯಿಸಿಕೊಂಡಿದ್ದುವು. ಆದರೆ ಕೆಂಗಂದು ಬಣ್ಣದ ಗರಿಯನ್ನು ತಯಾರಿಸಲು ಅದೇ ದ್ರವ್ಯ ಖರ್ಚಾಗಬೇಕು. ಹೀಗಾಗಿ ಅಂತಹ ಬಣ್ಣವನ್ನು ಹೆಚ್ಚಾಗಿ ತಯಾರಿಸುವ ಹಕ್ಕಿಗಳ ಸ್ಥಿತಿ ಕೆಟ್ಟಿತ್ತು. ಕವಲುಬಾಲದ ಸ್ವಾಲೋ ಹಕ್ಕಿ ಇಂತಹದು. ಅದರ ಗರಿಗಳ ನಡುವೆ ಅಕಾಲದ ಬಿಳಿಮಚ್ಚೆಗಳು ಮೂಡಿದುದನ್ನು ವಿಜ್ಞಾನಿಗಳು ೧೯೯೦ರ ದಶಕದಲ್ಲಿಯೇ ಗುರುತಿಸಿದ್ದರು. ಅಲಂಕಾರಕ್ಕೆ ಖರ್ಚುಮಾಡಿದ ಮನೆಯಲ್ಲಿ ಔಷಧಕ್ಕೆ ಹಣವಿಲ್ಲದಂತಾಯಿತು. ಆದರೆ ಆ ಹಕ್ಕಿಯದು ದುಂದುಗಾರಿಕೆಯಲ್ಲ. ಅದರ ಹುಟ್ಟೇ ಹಾಗೆ. ಯಾವ ವಿಪತ್ತಿಗೆ ಯಾವ ಗುಣ ಬೇಕಾಗುವುದೆಂದು ಮುಂಚಿತವಾಗಿ ತಿಳಿದು ಹುಟ್ಟುವ ಜೀವವುಂಟೆ?

ಸಾವಿನ ಮನೆಯ ಒಳಗೇ ಬಿಡಾರ ಹೂಡಿದ ಜೀವವೂ ಒಂದಿದೆ. ಉಪ್ಪಿನಕಾಯಿಯ ಜಾಡಿಯಲ್ಲಿಯೂ ಒದ್ದೆಗೋಡೆಯಲ್ಲಿಯೂ ಬೆಳೆಯುವ ಬೂಷ್ಟನ್ನು ಎಲ್ಲರೂ ಬಲ್ಲರು. ಒಡೆದ ರಿಯಾಕ್ಟರಿನ ಒಳಗೋಡೆಗಳಲ್ಲಿ ಬೂಷ್ಟು ಬೆಳೆದಿರುವುದನ್ನು ನೆಲ್ಲಿ ಝ್ಡಾನೋವಾ ಎಂಬ ಯುಕ್ರೇನಿನ ವಿದುಷಿ ೧೯೯೦ರ ದಶಕದಲ್ಲಿ ಕಂಡರು. ಅದರಲ್ಲಿ ಹಲವು ಜಾತಿಗಳು ಕಪ್ಪು, ಅಲ್ಲಿಯೂ ಮೆಲನಿನ್ನೇ. ೨೦೦೭ರಲ್ಲಿ ಅಮೆರಿಕದ ಎಕಟೆರಿನಾ ಡಡಚೋವಾ ಮತ್ತು ಆರ್ಟುರೊ ಕ್ಯಾಸಡೆವಾಲ್ ಅವರು ಪ್ರಯೋಗಶಾಲೆಯಲ್ಲಿ ಅಂತಹ ಕಪ್ಪು ಬೂಷ್ಟಿನ ಮೇಲೆ ವಿಕಿರಣವನ್ನು ಹಾಯಿಸಿದಾಗ ಅದರ ಬೆಳವಣಿಗೆ ಹೆಚ್ಚಿತು. ಗಿಡವು ಬಿಸಿಲನ್ನು ಉಣ್ಣುವಂತೆ ಬೂಷ್ಟು ವಿಕಿರಣವನ್ನೇ ಉಣ್ಣುವುದೆಂದು ಕೆಲವರು ಹೇಳುವರಾದರೂ ಅದು ಇನ್ನೂ ಸಿದ್ಧಪಟ್ಟ ಮಾತಲ್ಲ.

ಸಿದ್ಧಪಡದ ಮಾತನ್ನು ಹಬ್ಬಿಸುವುದರಲ್ಲಿ ಈ ಕಾಡಿನಷ್ಟು ಅವಕಾಶ ಕೊಡುವ ಸ್ಥಳ ಇನ್ನೊಂದಿಲ್ಲ. ೧೯೯೬ರಲ್ಲಿ ಅಮೆರಿಕದ ರಾಬರ್ಟ್ ಬೇಕರ್ ಮತ್ತು ಅವರ ಸಂಗಡಿಗರು, ಅಲ್ಲಿಯ ಹುಲ್ಲಿಲಿಗಳ ವಂಶವಾಹಿಗಳಲ್ಲಿ ಅತಿಶಯವಾದ ಬದಲಾವಣೆಗಳಾಗಿವೆಯೆಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮತ್ತೊಮ್ಮೆ ಪರೀಕ್ಷಿಸಿದಾಗ ತಮ್ಮ ಎಣಿಕೆ ತಪ್ಪೆಂದು ತಿಳಿಯಿತು. ೧೯೯೭ರಲ್ಲಿ ತಾವೇ ಆ ಲೇಖನವನ್ನು ಹಿಂದಕ್ಕೆ ಪಡೆದರು. ಇಂತಹ ಪ್ರಾಮಾಣಿಕತೆಯಿಂದಲೇ ವಿಜ್ಞಾನಕ್ಕೆ ಮರ್ಯಾದೆ. ಅಲ್ಲಿಯ ನಾಯಿಗಳ ಕಥೆಯೂ ಹೀಗೆಯೇ. ಜನರು ಹೊರಟಾಗ ಸಾಕುಪ್ರಾಣಿಗಳನ್ನು ಬಿಟ್ಟುಹೋಗಬೇಕಾಯಿತು. ಅವುಗಳಲ್ಲಿ ಅನೇಕವನ್ನು ಸೈನಿಕರು ಗುಂಡಿಟ್ಟು ಕೊಂದರು. ಉಳಿದವುಗಳ ಸಂತತಿಯೆಂದು ನಂಬಲಾಗಿರುವ ೩೦೨ ನಾಯಿಗಳ ರಕ್ತಪರೀಕ್ಷೆಯ ವರದಿ ೨೦೨೩ರಲ್ಲಿ ಬಂದಿತು. ವಿದ್ಯುದಾಗಾರದ ನಾಯಿಗಳು ಊರೊಳಗಿನ ನಾಯಿಗಳಿಂದ ವಂಶದಲ್ಲಿ ಬೇರೆಯಾಗಿವೆಯೆಂದು ಗೊತ್ತಾದ ಕೂಡಲೇ, ವಿಕಿರಣದಿಂದ ಹೊಸ ನಾಯಿಕುಲ ಹುಟ್ಟಿತೆಂದು ಸುದ್ದಿಯೆದ್ದಿತು. ಮುಂದಿನ ಪರೀಕ್ಷೆಯಲ್ಲಿ ಆ ಭೇದಕ್ಕೆ ವಿಕಿರಣ ಕಾರಣವೆಂಬುದಕ್ಕೆ ಆಧಾರ ದೊರೆಯಲಿಲ್ಲ. ಕೆಲವೇ ನಾಯಿಗಳು ಒಂದೆಡೆ ಕೂಡಿ ತಮ್ಮತಮ್ಮಲ್ಲೇ ಸಂತಾನ ಬೆಳಸಿದರೂ ಇಂತಹ ಭೇದ ಉಂಟಾಗುವುದು.

ವಿಕಿರಣವೆಂದೊಡನೆ ಎಲ್ಲವೂ ಪ್ರಳಯವೆಂದು ತಿಳಿಯುವುದೂ ಸರಿಯಲ್ಲ. ನಮ್ಮ ನೆರೆಯ ಕೇರಳದಲ್ಲಿ, ಕೊಲ್ಲಂ ಜಿಲ್ಲೆಯ ಕಡಲತೀರದ ಮರಳಿನಲ್ಲಿ ಥೋರಿಯಂ ಇರುವ ಮಾನಸೈಟು ಬೆರೆತಿದೆ. ಅಲ್ಲಿಯ ನೆಲವೇ ಅನಾದಿಕಾಲದಿಂದ ವಿಕಿರಣವನ್ನು ಸೂಸುತ್ತಿದೆ. ಹಾನ್ಸ್ ಗ್ರೂನೆಬರ್ಗ್ ಎಂಬ ವಂಶವಿಜ್ಞಾನಿ ಮತ್ತು ಅವರ ಸಂಗಡಿಗರು ಆ ಮರಳಿನ ಮೇಲೆ ಬಾಳುವ ಇಲಿಗಳನ್ನೂ ಹೊರಗಿನ ಇಲಿಗಳನ್ನೂ ಹೋಲಿಸಿ ೧೯೬೬ರಲ್ಲಿ ವರದಿ ಬರೆದರು. ಗಣನೀಯವಾದ ವ್ಯತ್ಯಾಸ ಕಂಡುಬರಲಿಲ್ಲ. ಅದು ಸಣ್ಣ ಪ್ರಮಾಣದಲ್ಲಿ, ಎಡೆಬಿಡದೆ ಬರುವ ವಿಕಿರಣ; ಚೆರ್ನೋಬಿಲಿನದು ಕೆಲವೇ ದಿನಗಳಲ್ಲಿ ತಲೆಯ ಮೇಲೆ ಕವಿದು ಬಿದ್ದುದು. ದಿನವೂ ಊಟದಲ್ಲಿ ಬೀಳುವ ಚಿಟಿಕೆ ಉಪ್ಪಿಗೂ ಒಮ್ಮೆಗೇ ಬಾಯಿಗೆ ಸುರಿದ ಬೊಗಸೆ ಉಪ್ಪಿಗೂ ಇರುವ ಅಂತರ ಇದು. ಪ್ರಮಾಣವನ್ನು ಮರೆತವನ ಭಯವೂ ಸುಳ್ಳು, ಧೈರ್ಯವೂ ಸುಳ್ಳು.

ಅಣ್ಣನ ಮಗನಿಗೆ ನಾನು ಕೊಡಬಹುದಾದ ಉತ್ತರ ಇಷ್ಟೆ. ಕುಲ ಒಗ್ಗುವುದಕ್ಕೆ ಬೆಲೆಯುಂಟು. ಆ ಬೆಲೆಯನ್ನು ಜೀವಗಳ ಸಂಖ್ಯೆಯಲ್ಲಿ ತೆರಬೇಕು. ಹೆಣ್ಣು ಮರಗಪ್ಪೆ ಒಂದು ಋತುವಿನಲ್ಲಿ ನೂರಾರು ಮೊಟ್ಟೆಗಳನ್ನಿಡುವುದು. ಅವುಗಳಲ್ಲಿ ಎರಡು ಮೂರು ಉಳಿದು ಬೆಳೆದರೂ ಕುಲಕ್ಕೆ ನಷ್ಟವಿಲ್ಲ. ಬೂಷ್ಟಿನ ಬೀಜಕಣಗಳಂತೂ ಲೆಕ್ಕಕ್ಕೆ ಸಿಕ್ಕುವಂತಹವಲ್ಲ. ನಮ್ಮ ಮನೆಗಳಲ್ಲಿ ಹುಟ್ಟುವುದು ಒಂದು ಕೂಸು, ಎರಡು ಕೂಸು. ತಾಯಿಗೆ ಕುಲ ಉಳಿಯಿತೆಂಬ ಸಮಾಧಾನ ಸಾಲದು. ತನ್ನ ಮಗು ಉಳಿಯಬೇಕು. ಕಪ್ಪೆಯ ಲೆಕ್ಕದಲ್ಲಿ ನೂರರಲ್ಲಿ ಒಂದು ಉಳಿದರೆ ಗೆಲುವು. ಮನೆಯ ಲೆಕ್ಕದಲ್ಲಿ ಇಬ್ಬರಲ್ಲಿ ಒಬ್ಬರು ಹೋದರೆ ಆ ಮನೆಯ ದೀಪವೇ ಮಂಕಾಗುವುದು. ಪ್ರಕೃತಿಯು ಎಲ್ಲವನ್ನೂ ಸರಿಮಾಡಿಕೊಳ್ಳುವುದೆಂದು ಹೇಳುವವರು ಯಾರ ಲೆಕ್ಕದ ಪುಸ್ತಕವನ್ನು ತೆರೆದು ಹೇಳುತ್ತಿದ್ದಾರೆಂಬುದನ್ನು ನಾವು ವಿಚಾರಿಸಬೇಕು.

ನಿಷಿದ್ಧಪ್ರದೇಶಕ್ಕೆ ಮರಳಿ ಬಂದ ಕೆಲವು ಮನುಷ್ಯರೂ ಉಂಟು. ೧೯೮೬–೮೭ರಲ್ಲಿಯೇ ಸಾವಿರಕ್ಕೂ ಮೀರಿದ ಹಳ್ಳಿಯ ಜನ, ಹೆಚ್ಚಾಗಿ ವಯಸ್ಸಾದವರು, ಅಪ್ಪಣೆಯಿಲ್ಲದೆ ತಮ್ಮ ಮನೆಗಳಿಗೆ ಹಿಂತಿರುಗಿದರು. ವರ್ಷ ಕಳೆದಂತೆ ಅವರಲ್ಲಿ ಉಳಿದವರು ಬಹುಪಾಲು ಮುದುಕಿಯರು. ಹಿತ್ತಿಲಿನಲ್ಲಿ ಆಲೂಗೆಡ್ಡೆ ಬೆಳೆದುಕೊಂಡು, ಕಾಡಿನ ಅಣಬೆ ಆಯ್ದುಕೊಂಡು ಅವರು ಬಾಳಿದರು. ಇವರೂ ಒಗ್ಗಿದವರೆಂದು ಹೇಳುವುದುಂಟು. ನನಗೆ ಹಾಗೆ ತೋರುವುದಿಲ್ಲ. ಪರಸ್ಥಳದ ಸಣ್ಣ ಕೊಠಡಿಯಲ್ಲಿ ಮನೆಯನ್ನು ನೆನೆದು ಕೊರಗುವುದಕ್ಕಿಂತ ತಮ್ಮ ಮಣ್ಣಿನಲ್ಲಿ ಸಾಯುವುದು ಲೇಸೆಂದು ಅವರು ಆರಿಸಿಕೊಂಡರು. ಬೆಲೆ ತಿಳಿದು, ತಾವೇ ತೆತ್ತು, ತಮ್ಮ ಪಾಲಿಗೆ ಮಾತ್ರ ಕೊಂಡ ಪದಾರ್ಥವದು. ಮೊಮ್ಮಕ್ಕಳನ್ನು ಅವರು ಅಲ್ಲಿಗೆ ಕರೆತರಲಿಲ್ಲ. ಆ ವಿವೇಕದಲ್ಲಿ ದೊಡ್ಡದೊಂದು ಪಾಠವಿದೆ.

೨೦೨೨ರ ಫೆಬ್ರವರಿಯಲ್ಲಿ ರಷ್ಯದ ಸೈನ್ಯವು ಯುಕ್ರೇನಿನ ಮೇಲೆ ದಂಡೆತ್ತಿ ಬಂದಾಗ ಮೊದಲು ಹಾದುದು ಈ ಕಾಡನ್ನೇ. ಸುಮಾರು ಐದು ವಾರ ಅವರು ಅಲ್ಲಿದ್ದರು. ಹೋದ ಮೇಲೆಯೂ ನೆಲದಲ್ಲಿ ಸಿಡಿಗುಂಡುಗಳು ಉಳಿದುವು. ಕಪ್ಪೆ, ಹಕ್ಕಿಗಳನ್ನು ಪರೀಕ್ಷಿಸಲು ವರ್ಷವರ್ಷವೂ ಹೋಗುತ್ತಿದ್ದವರ ದಾರಿ ಕಟ್ಟಿತು. ಸೀಸಿಯಂ ತನ್ನ ಪಾಡಿಗೆ ಕರಗುತ್ತಿದೆ. ೧೯೮೬ರಲ್ಲಿ ಬಿದ್ದುದರಲ್ಲಿ ಅರ್ಧ ೨೦೧೬ಕ್ಕೇ ಕಳೆಯಿತು, ಉಳಿದುದರ ಅರ್ಧ ೨೦೪೬ಕ್ಕೆ ಕಳೆಯುವುದು. ಅಲ್ಲಿಯವರೆಗೆ ಕೊಳದ ಅಂಚಿನಲ್ಲಿ ಕಪ್ಪು ಕಪ್ಪೆಗಳು ವಸಂತಕಾಲದ ರಾತ್ರಿಗಳಲ್ಲಿ ವಟಗುಟ್ಟುತ್ತಿರುವುವು. ಅವುಗಳ ಬಾಳನ್ನು ಕಂಡು ಸಂತೋಷಪಡೋಣ. ಆದರೆ ಯಾರಾದರೂ ಬಂದು, ನಮ್ಮ ಗಾಳಿಗಾಗಲಿ ನೀರಿಗಾಗಲಿ ಅನ್ನಕ್ಕಾಗಲಿ ಹೊಸ ವಿಷವೊಂದನ್ನು ಬೆರಸಿ, “ಚಿಂತೆಯಿಲ್ಲ, ಜೀವಗಳು ಒಗ್ಗಿಕೊಳ್ಳುತ್ತವೆ” ಎಂದು ಹೇಳಿದರೆ, ಅತ್ತಿಗೆಯವರು ಕೇಳಿದ ಪ್ರಶ್ನೆಯನ್ನು ಅವರಿಗೂ ಕೇಳಿ, ಉತ್ತರ ಬರುವವರೆಗೆ ಕಾಯುವುದು ಗೃಹಸ್ಥರಾದ ನಮ್ಮೆಲ್ಲರ ಕರ್ತವ್ಯ.